ರೊಸಾರಿಯೊ ಇಗರ್ಜಿಯ ಹೊರಗೆ ಒಂದು ಕಟ್ಟೆ ಬೇಕು

ಸಂಪಾದಕರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಮಂಗಳೂರಿನವನಲ್ಲ. ಅಲ್ಲಿ ನನಗೆ ವೋಟಿಲ್ಲ, ತೆರಿಗೆ ಕಟ್ಟುವ ಮನೆಯೂ ಇಲ್ಲ. ನನ್ನ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಗಾಳಿ ಸರಿಯಾದ ಕಡೆಯಿಂದ ಬೀಸಿದರೆ ಬೇಳದ ಇಗರ್ಜಿಯ ಗಂಟೆ ಕೇಳುತ್ತದೆ, ಅಷ್ಟು ದೂರ. ಆದರೂ ಮಂಗಳೂರಿನ ರಸ್ತೆ ಬಗ್ಗೆ ಬರೆಯಲು ಕೂತಿದ್ದೇನೆ. ಯಾಕೆಂದರೆ ನಮಗೆ ಪೇಟೆ ಅಂದರೆ ಅದೇ. ಡಾಕ್ಟರು ಅಲ್ಲಿ, ಮಕ್ಕಳ ಕಾಲೇಜು ಅಲ್ಲಿ, ಮದುವೆಯ ಸೀರೆಗೂ ಅಲ್ಲಿಗೇ ಹೋಗಬೇಕು. 1956ರಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದರು, ಆದರೆ ಬಸ್ಸು ಹತ್ತುವ ಕಾಲಿಗೆ ಆ ಗೆರೆ ಇನ್ನೂ ಅಭ್ಯಾಸ ಆಗಿಲ್ಲ. 2020ರಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಮಾತ್ರ ಚೆನ್ನಾಗಿ ಗೊತ್ತಾಯಿತು, ಆ ಕಥೆ ಇಲ್ಲಿ ಬೇಡ. ಇಗರ್ಜಿಗಳಿಗಂತೂ ಗೆರೆ ಗೊತ್ತೇ ಇಲ್ಲ. 1890ರಲ್ಲಿ ಶುರುವಾದ ಬೇಳದ ಇಗರ್ಜಿ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಅಂದರೆ ಆ ಧರ್ಮಪ್ರಾಂತ್ಯದ ಮುಖ್ಯ ಇಗರ್ಜಿಯಾದ ಮಂಗಳೂರಿನ ರೊಸಾರಿಯೊ ಕೆಥೆಡ್ರಲ್ ಒಂದು ಲೆಕ್ಕದಲ್ಲಿ ನಮ್ಮ ಊರಿನವರದ್ದೂ ಹೌದು. ನಾನು ಕ್ರಿಶ್ಚಿಯನ್ ಅಲ್ಲ, ಅದೂ ಹೇಳಿರುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಅಮ್ಮನನ್ನು ಕಣ್ಣು ತೋರಿಸಲು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 79. ಹನ್ನೊಂದು ಗಂಟೆಗೆ ಡಾಕ್ಟರು ನೋಡಿದರು, ಕಣ್ಣಿಗೆ ಮದ್ದು ಬಿಟ್ಟು ಇನ್ನೊಂದು ಟೆಸ್ಟ್ ಮಾಡಿಸಿದರು, ರಿಪೋರ್ಟಿಗೆ ನಾಲ್ಕು ಗಂಟೆಗೆ ಬನ್ನಿ ಅಂದರು. ಆಸ್ಪತ್ರೆಯ ಕುರ್ಚಿಗಳು ತುಂಬಿದ್ದವು. ಊಟ ಮುಗಿಸಿದೆವು, ಒಂದು ಗಂಟೆ. ಇನ್ನು ಮೂರು ಗಂಟೆ ಎಲ್ಲಿರುವುದು? ಹೋಟೆಲಿನಲ್ಲಿ ಎಲೆ ಎತ್ತಿದ ಮೇಲೆ ಕೂರುವ ಹಾಗಿಲ್ಲ. ಬಟ್ಟೆ ಅಂಗಡಿಯಲ್ಲಿ ಏಸಿ ಇದೆ, ಆದರೆ ಏನೂ ತಗೊಳ್ಳದೆ ಎಷ್ಟು ಹೊತ್ತು ಅಂತ ಸೀರೆ ಬಿಡಿಸಿ ತೋರಿಸಿ ಅನ್ನುವುದು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಕಡೆಯಿಂದ ನಿಧಾನಕ್ಕೆ ನಡೆಯುತ್ತಾ ಹೋದೆವು. ಒಂದು ಕಡೆ ಫುಟ್‌ಪಾತ್ ಮೇಲೆ ಸ್ಕೂಟರ್, ಇನ್ನೊಂದು ಕಡೆ ಫುಟ್‌ಪಾತೇ ಮುಗಿದು ಚರಂಡಿಯ ಚಪ್ಪಡಿ, ಅದರಲ್ಲಿ ಒಂದು ಅಲುಗಾಡುತ್ತಿತ್ತು. ಅಮ್ಮ ನಿಂತು ಕೇಳಿದರು, "ಮಗಾ, ಇಷ್ಟು ದೊಡ್ಡ ಪೇಟೆಯಲ್ಲಿ ಕೂರ್ಲಿಕ್ಕೆ ಒಂದು ಜಾಗ ಇಲ್ವಾ?"

ಎದುರಿಗೆ ರೊಸಾರಿಯೊ ಕಾಣಿಸಿತು, ಒಳಗೆ ಹೋದೆವು.

ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದೆವು. ಯಾರೂ ನೀವು ಯಾರು, ಯಾಕೆ ಅಂತ ಕೇಳಲಿಲ್ಲ. ಒಳಗೆ ತಂಪು. ಗುಮ್ಮಟದ ಕೆಳಗೆ ಹೊರಗಿನ ಹಾರ್ನು ದೂರದ ಮನೆಯ ರೇಡಿಯೊ ಥರ ಕೇಳುತ್ತಿತ್ತು. ಮದ್ದು ಬಿಟ್ಟ ಕಣ್ಣಿಗೆ ಆ ಮಸುಕು ಬೆಳಕು ಹಿತವಾಗಿತ್ತೋ ಏನೋ, ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ತೂಕಡಿಸಿದರು ಕೂಡ. ಆಮೇಲೆ ನಾನೇ ಸಂಕೋಚಪಟ್ಟು ಹೊರಡೋಣ ಅಂದಾಗ, "ದೇವರ ಮನೆಯಲ್ಲಿ ಸುಮ್ನೆ ಕೂತರೆ ದೇವರಿಗೇನು ಬೇಜಾರು?" ಅಂದರು. ಅವರ ಮಾತು ಸರಿ. ಆದರೆ ಪ್ರಾರ್ಥನೆಗೆ ಇರುವ ಜಾಗವನ್ನು ವೇಟಿಂಗ್ ರೂಮ್ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹೊರಗೆ ಬಂದೆವು. ಗೇಟು ದಾಟಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಅದೇ ಬಿಸಿಲು, ಅದೇ ಆಟೋ, ಅದೇ ಧೂಳು.

ಆ ಹತ್ತು ಹೆಜ್ಜೆಯ ಬಗ್ಗೆಯೇ ಈ ಪತ್ರ.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂದಾಗಿನಿಂದ ಸುಂದರೀಕರಣ ಎಂಬ ಶಬ್ದವನ್ನು ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಆ ಶಬ್ದ ಕಂಡರೆ ನನಗೆ ಸ್ವಲ್ಪ ಹೆದರಿಕೆ. ಯಾವ ಊರಿನಲ್ಲಾದರೂ ನೋಡಿ, ಸುಂದರೀಕರಣ ಅಂದರೆ ನೆಲಕ್ಕೆ ಇಂಟರ್‌ಲಾಕ್, ಅಂಚಿಗೆ ಸ್ಟೀಲ್ ಬೇಲಿ, ನಡುವೆ ನಾಲ್ಕು ಪಾಮ್ ಗಿಡ, ಮೂರು ತಿಂಗಳು ಓಡಿ ಕೆಡುವ ಕಾರಂಜಿ, ಫೋಟೋ ತೆಗೆಸಿಕೊಳ್ಳಲು ಊರಿನ ಹೆಸರಿನ ದೊಡ್ಡ ದೊಡ್ಡ ಅಕ್ಷರ. ಕೂರಲು ಜಾಗ ಮಾತ್ರ ಇರುವುದಿಲ್ಲ. ಇದ್ದರೂ ಸ್ಟೀಲ್ ಪೈಪಿನ ಸೀಟು, ಏಪ್ರಿಲ್ ಮಧ್ಯಾಹ್ನ ಅದು ದೋಸೆ ಕಾವಲಿ. ರೊಸಾರಿಯೊದ ಸುತ್ತ ಮುಂದೆ ಯಾರಾದರೂ ನಕ್ಷೆ ಹಾಕಲು ಕೂತರೆ ದಯವಿಟ್ಟು ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಶುರು ಮಾಡಲಿ.

ಅಲ್ಲಿ ಸುಂದರ ಮಾಡಲು ಹೊಸದಾಗಿ ಏನೂ ಬೇಕಾಗಿಲ್ಲ, ಇಗರ್ಜಿಯೇ ಇದೆಯಲ್ಲ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದದ್ದು, 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾಗಿ ಮತ್ತೆ ಎದ್ದದ್ದು. ಈಗ ಕಾಣುವ ಗುಮ್ಮಟದ ಕಟ್ಟಡ ಕಳೆದ ಶತಮಾನದ ಆರಂಭದ್ದು. ಗುಮ್ಮಟದ ಮೇಲಿನ ಶಿಲುಬೆಗೆ ರಾತ್ರಿ ದೀಪ ಹಾಕುತ್ತಾರೆ, ಸಮುದ್ರಕ್ಕೆ ಹೋದ ಮೀನುಗಾರರಿಗೆ ಅದು ಗುರುತು ಅಂತ ಹಿಂದಿನಿಂದ ಹೇಳಿಕೊಂಡು ಬಂದ ಮಾತು. ಈಗ ಜಿಪಿಎಸ್ ಇದೆ, ಸರಿ. ಆದರೂ ಆ ಒಂದು ದೀಪ ಊರಿಗೆಲ್ಲ ಕಾಣಬೇಕಾದರೆ ಕೆಳಗೆ ಹೈಮಾಸ್ಟ್ ದೀಪ ನೆಟ್ಟು ಆಕಾಶವನ್ನೆಲ್ಲ ಬೆಳಗಬಾರದು. ಗೋಡೆಗೆ ಬಣ್ಣ ಬದಲಿಸುವ ಎಲ್‌ಇಡಿ ಕೂಡ ಬೇಡ ಮಾರಾಯ್ರೆ. ನಡೆಯುವವರ ಕಾಲಿನ ಹತ್ತಿರ, ಸೊಂಟದ ಎತ್ತರಕ್ಕೆ ಹಳದಿ ದೀಪ ಸಾಕು.

ಇನ್ನು ಕಟ್ಟೆ. ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಗೆ ಆ ಹೆಸರು ಹೇಗೆ ಬಂತು ಅಂತ ಒಂದು ಕಥೆ ಇದೆ. ಅಪ್ಪಣ್ಣ ಎಂಬೊಬ್ಬರು ಅಲ್ಲಿ ಕಟ್ಟೆಯ ಮೇಲೆ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯಿತಂತೆ. ಕಥೆ ಎಷ್ಟು ನಿಜವೋ, ಹೇಳಿಕೊಂಡು ಬಂದದ್ದು ಹೀಗೆ. ಕೆಲ ವರ್ಷದ ಹಿಂದೆ ಅದೇ ಸರ್ಕಲ್‌ನಲ್ಲಿ ರಸ್ತೆ ಕೆಲಸಕ್ಕೆ ಅಗೆದಾಗ ಟಾರಿನ ಅಡಿಯಲ್ಲಿ ಒಂದು ಹಳೆಯ ಬಾವಿಯೂ ಸಿಕ್ಕಿತು! ನೆರಳು, ನೀರು, ಕೂರಲು ಒಂದು ಕಲ್ಲು. ನಮ್ಮ ಹಿರಿಯರು ಪೇಟೆಯನ್ನು ಹುಟ್ಟುಹಾಕಿದ್ದೇ ಈ ಮೂರರಿಂದ ಅನ್ನಿಸುತ್ತದೆ. ನಾವು ಬಾವಿಯ ಮೇಲೆ ಟಾರು ಹಾಕಿದೆವು, ಕಟ್ಟೆಯ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಉಳಿಸಿಕೊಂಡೆವು.

ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನಲ್ಲಿ 2012ರಲ್ಲಿ ಕಾರು ನಿಲ್ಲಿಸುವ ಜಾಗವನ್ನು ಅಗೆದಾಗ ಮೂರನೇ ರಿಚರ್ಡ್ ರಾಜನ ಮೂಳೆಗಳೇ ಸಿಕ್ಕಿದ್ದವು. 2015ರಲ್ಲಿ ಅವನನ್ನು ಹತ್ತಿರದ ಕೆಥೆಡ್ರಲ್ ಒಳಗೆ ಮಣ್ಣು ಮಾಡಿದರು. ಅದಕ್ಕೆ ಮೊದಲೇ ಕೆಥೆಡ್ರಲ್ ಎದುರಿನ ಜಾಗವನ್ನೆಲ್ಲ ಒಂದು ಮಾಡಿ ಜನ ಕೂರುವ ತೋಟ ಮಾಡಿದ್ದರು. ಅವರಿಗೆ ರಾಜ ಸಿಕ್ಕಿದ, ನಮಗೆ ಬಾವಿ ಸಿಕ್ಕಿತು. ಸೆಕೆಗೆ ಬಾವಿಯೇ ವಾಸಿ ಅಲ್ವಾ?

ರೊಸಾರಿಯೊದಲ್ಲಿ ನಾನು ಕೇಳುವ ಕಟ್ಟೆ ದೊಡ್ಡ ವಿಷಯ ಏನೂ ಅಲ್ಲ. ಕಾಂಪೌಂಡಿನ ಒಳಗಿನದ್ದು ಇಗರ್ಜಿಯವರದ್ದು, ಅಲ್ಲಿ ಏನಿರಬೇಕು ಅಂತ ಹೇಳಲು ನಾನು ಯಾರು. ಆದರೆ ಗೋಡೆಯ ಹೊರಮುಖ ರಸ್ತೆಯದ್ದು. ಆ ಗೋಡೆಗೆ ಒರಗಿದ ಹಾಗೆ, ಒಂದೂವರೆ ಅಡಿ ಎತ್ತರಕ್ಕೆ ಮುರಕಲ್ಲಿನ (ಕೆಂಪು ಕಲ್ಲಿನ) ಉದ್ದ ಜಗಲಿ ಕಟ್ಟಬಹುದು. ಗೋಡೆಯೇ ಬೆನ್ನಿಗೆ ಆಸರೆ. ಅಲ್ಲಲ್ಲಿ ಕೈ ಊರಿ ಏಳಲು ಒಂದೊಂದು ಗಟ್ಟಿ ಹಿಡಿಕೆ ಇರಲಿ. ಎಪ್ಪತ್ತು ದಾಟಿದವರಿಗೆ ಕೂರುವುದು ಸುಲಭ, ಏಳುವುದೇ ಕಷ್ಟ, ಇದು ನಕ್ಷೆ ಹಾಕುವ ಹುಡುಗರಿಗೆ ಗೊತ್ತಿರುವುದಿಲ್ಲ. ಜಗಲಿಯ ಮೇಲೆ ಹೆಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಊರಿನಲ್ಲಿ ಪ್ಲಾಸ್ಟಿಕ್ ಶೀಟಿನ ಮಾಡು ಯಾಕೆ ಬೇಕು ಹೇಳಿ. ಮಾಡು ಮುಂದಕ್ಕೆ ಚೆನ್ನಾಗಿ ಚಾಚಿರಬೇಕು, ಇಲ್ಲದಿದ್ದರೆ ಜೂನ್ ಮಳೆಯ ಎರಚಲಿಗೆ ಕೂತವರ ಮೊಣಕಾಲು ಒದ್ದೆ. ಈಗಿನ ಬಸ್ ಶೆಲ್ಟರುಗಳಲ್ಲಿ ಆಗುವುದು ಅದೇ, ಒಳಗೆ ನಿಂತವರೂ ಕೊಡೆ ಬಿಡಿಸಿಕೊಂಡಿರುತ್ತಾರೆ.

ಕಟ್ಟೆ ಕಟ್ಟಿದರೆ ಕುಡಿದವರು ಬಂದು ಮಲಗುತ್ತಾರೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮೂರಿನಲ್ಲೂ ಬಸ್ ಸ್ಟಾಪಿನ ಬೆಂಚು ಹಾಗೆಯೇ ಹೇಳಿ ತೆಗೆಸಿದರು. ಈಗ ಅಲ್ಲಿ ಕುಡಿದವರು ನೆಲದಲ್ಲಿ ಮಲಗುತ್ತಾರೆ, ಅಜ್ಜಿಯರು ನಿಂತಿರುತ್ತಾರೆ. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ ಅಂತ ತಿಂಗಳುಗಟ್ಟಲೆ ನೋಡಿದರು. ಅವರಿಗೆ ಗೊತ್ತಾದದ್ದು, ಜನ ಕೂರುವುದು ಕೂರಲು ಜಾಗ ಇರುವಲ್ಲಿ! ಕೇಳಿದರೆ ನಗು ಬರುತ್ತದೆ, ಆದರೆ ಇದನ್ನು ಹೇಳಲು ಒಬ್ಬರು ಕ್ಯಾಮೆರಾ ಇಡಬೇಕಾಯಿತು. ಕೆಟ್ಟವರು ಬರುತ್ತಾರೆ ಅಂತ ಜಾಗ ಹಾಳು ಮಾಡಿದರೆ ಕೊನೆಗೆ ಅಲ್ಲಿ ಉಳಿಯುವುದು ಅವರೇ, ಎಲ್ಲರಿಗೂ ಚೆನ್ನಾಗಿ ಮಾಡಿದರೆ ಅವರು ಹತ್ತರಲ್ಲಿ ಒಬ್ಬರಾಗುತ್ತಾರೆ ಎಂಬುದು ವೈಟ್ ಅವರ ವಾದ. ನನಗೂ ಹಾಗೆಯೇ ಅನ್ನಿಸುತ್ತದೆ.

ನೆರಳಿನ ಮಾತಿಗೆ ಬಂದರೆ ಪ್ಯಾರಿಸ್ಸಿನದ್ದು ಹೇಳಬೇಕು. ಅಲ್ಲಿಯ ನೋಟ್ರ ಡಾಮ್ ಕೆಥೆಡ್ರಲ್ 2019ರ ಏಪ್ರಿಲ್ 15ರಂದು ಹೊತ್ತಿ ಉರಿದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಕಟ್ಟಡದ ಜೊತೆ ಅದರ ಸುತ್ತಲಿನ ಜಾಗವನ್ನೂ ಸರಿಮಾಡಬೇಕು ಅಂತ ಪ್ಯಾರಿಸ್ ನಗರದವರು ಒಂದು ಸ್ಪರ್ಧೆ ಇಟ್ಟಿದ್ದರು, 2022ರಲ್ಲಿ ಬೆಲ್ಜಿಯಂನ ಬಾಸ್ ಸ್ಮೆಟ್ಸ್ ಎಂಬವರ ತಂಡ ಗೆದ್ದಿತು. ನನಗೆ ಅದರಲ್ಲಿ ಇಷ್ಟವಾದದ್ದು, ಅವರು ಗೋಪುರ, ಪ್ರತಿಮೆ ಅಂತ ಹೋಗಲಿಲ್ಲ, ಸೆಕೆಯ ಲೆಕ್ಕದಿಂದ ಶುರು ಮಾಡಿದರು. ಸುಮಾರು 160 ಮರ ನೆಡುವುದು. ಇಗರ್ಜಿಯ ಎದುರಿನ ಅಂಗಳವನ್ನು ಕಾಡಿನ ನಡುವಿನ ಬಯಲಿನ ಹಾಗೆ ಬಿಡುವುದು. ನೆಲದಡಿಯ ಹಳೆಯ ಕಾರ್ ಪಾರ್ಕಿಂಗನ್ನು ಬಂದವರನ್ನು ಬರಮಾಡಿಕೊಳ್ಳುವ ಜಾಗ ಮಾಡುವುದು. ಜಾಸ್ತಿ ಬಿಸಿಲಿನ ದಿನ ಅಂಗಳದ ಕಲ್ಲಿನ ಮೇಲೆ 5 ಮಿಲಿಮೀಟರ್ ದಪ್ಪಕ್ಕೆ ನೀರು ಹರಿಸಿ ತಂಪು ಮಾಡುವುದು.

ನೀರು ಹರಿಸುವುದನ್ನು ಮಾತ್ರ ನಾವು ನಕಲು ಮಾಡಬಾರದು. ನಮಗೆ ಜೂನ್‌ನಿಂದ ನಾಲ್ಕು ತಿಂಗಳು ಮೇಲಿನವನೇ ಹರಿಸುತ್ತಾನೆ, ಐದು ಮಿಲಿಮೀಟರ್ ಅಲ್ಲ, ವರ್ಷಕ್ಕೆ ಮೂರು ಸಾವಿರಕ್ಕೂ ಜಾಸ್ತಿ. ನಮ್ಮ ತೊಂದರೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಮಧೂರು ದೇವಸ್ಥಾನಕ್ಕೆ ಮಳೆಗಾಲದಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಪಕ್ಕದ ಹೊಳೆ ಮಧುವಾಹಿನಿ ತುಂಬಿದರೆ ಅಂಗಳಕ್ಕೇ ಬರುತ್ತಾಳೆ. ಅಂಗಳಕ್ಕೆ ಇಳಿಜಾರು ಇಲ್ಲದೆ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಹಾಸಿದರೆ ಮೊದಲ ವರ್ಷ ಚಂದ, ಎರಡನೇ ಮಳೆಗೆ ಪಾಚಿ, ಮೂರನೇ ಮಳೆಗೆ ಯಾರದ್ದೋ ಸೊಂಟ. ನಮ್ಮ ಅತ್ತೆ ಒಂದು ಮದುವೆ ಹಾಲಿನ ಅಂಗಳದಲ್ಲಿ ಹಾಗೆ ಜಾರಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ನಡೆಯುವ ದಾರಿಗೆ ಒರಟು ಗ್ರಾನೈಟ್ ಹಾಕಿ, ಉಳಿದದ್ದು ಮಣ್ಣಾಗಿಯೇ ಇರಲಿ, ನೀರು ಇಂಗಲಿ. ಅಂಗಳ ಅಂದರೆ ಎಲ್ಲ ಕಡೆ ಕಲ್ಲು ಹಾಸಲೇಬೇಕು ಅಂತ ಯಾರು ಹೇಳಿದ್ದು?

ಪ್ಯಾರಿಸ್ಸಿನಿಂದ ತಗೊಳ್ಳಬೇಕಾದದ್ದು ಮರದ ಲೆಕ್ಕ. ಪಾಮ್ ಗಿಡಕ್ಕೆ ನೆರಳಿಲ್ಲ, ಅದು ಹೋಟೆಲಿನ ಬಾಗಿಲಿಗೆ ಸರಿ. ಸಮುದ್ರದ ಗಾಳಿಗೆ ಬಗ್ಗದ ಹೊನ್ನೆ ನಮ್ಮ ಕರಾವಳಿಯದ್ದೇ ಮರ, ದಟ್ಟ ಎಲೆ, ವರ್ಷವಿಡೀ ಹಸಿರು. ಕಾಯಿ ಉದುರುತ್ತದೆ ಅಂತ ಗುಡಿಸುವವರು ಬೈಯಬಹುದು, ಬೈಯಲಿ. ಮಾವು ನೆಟ್ಟರೂ ಆದೀತು. ನೆಟ್ಟ ಮೇಲೆ ಬುಡಕ್ಕೆ ಕಾಂಕ್ರೀಟ್ ಹಾಕಿ ಕೊಲ್ಲಬಾರದು ಅಷ್ಟೇ. ಮರದ ಬುಡದ ಸುತ್ತ ಒಂದು ಮೀಟರ್ ಒಳಗೆ ಕಾಂಕ್ರೀಟ್ ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಮರಗಳ ವಿಷಯದಲ್ಲಿ ಹೇಳಿದೆ. ಮಂಗಳೂರಿನ ಮರಕ್ಕೂ ಉಸಿರಾಡಲು ಅಷ್ಟೇ ಜಾಗ ಬೇಕು. ನೆಟ್ಟ ಸಸಿ ನೆರಳು ಕೊಡಲು ಹತ್ತು ಹದಿನೈದು ವರ್ಷ, ನಮ್ಮ ಅಮ್ಮನಿಗೆ ಸಿಗಲಿಕ್ಕಿಲ್ಲ. ಅದಕ್ಕೇ ಮೊದಲು ಹೆಂಚಿನ ಮಾಡು ಕೇಳಿದ್ದು.

ವಾಹನದ ಮಾತು ಎತ್ತಿದರೆ ಜಗಳ ಬರುತ್ತದೆ ಅಂತ ಗೊತ್ತು. ಪಕ್ಕದಲ್ಲೇ ಶಾಲೆ, ಬೆಳಿಗ್ಗೆ ಸಂಜೆ ಮಕ್ಕಳನ್ನು ಬಿಡುವ ಆಟೋ, ವ್ಯಾನು. ಒಂದೇ ಸಲ ರಸ್ತೆ ಮುಚ್ಚಿ ಅನ್ನಲು ಆಗುವುದಿಲ್ಲ. ಕಲ್ಲಿಕೋಟೆಯ ಮಿಠಾಯಿ ತೆರುವು ಎಂಬ ಅಂಗಡಿ ಬೀದಿ ನೋಡಿ ಬಂದಿದ್ದೇನೆ. 2017ರಲ್ಲಿ ಅದನ್ನು ಹೊಸದಾಗಿ ಮಾಡಿ ಹಗಲು ಹೊತ್ತು ವಾಹನ ಸಂಚಾರ ನಿಲ್ಲಿಸಿದಾಗ ವ್ಯಾಪಾರಿಗಳು ವಿರೋಧ ಮಾಡಿದ್ದರು. ನಾನು ಹೋದ ದಿನ ಅಲ್ಲಿ ಜನ ಹಲ್ವ ತಗೊಂಡು, ಬೆಂಚಿನಲ್ಲಿ ಕೂತು, ಮತ್ತೆ ಎದ್ದು ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಕಾರಿನಲ್ಲಿ ಹೋಗುವವನು ಹಾಗೆ ಎರಡನೇ ಅಂಗಡಿಗೆ ಇಳಿಯುವುದಿಲ್ಲ, ಇದು ಯಾವ ಅಂಗಡಿಯವರಿಗೂ ಗೊತ್ತಿರುವ ವಿಷಯ.

ಮಂಗಳೂರಿಗೆ ಇದೇನೂ ಹೊಸತಲ್ಲ. ಪ್ರತಿ ಜನವರಿಯಲ್ಲಿ ಪರಮ ಪ್ರಸಾದದ ಮೆರವಣಿಗೆ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯಿಂದ ಹೊರಟು ರೊಸಾರಿಯೊಗೆ ಬರುತ್ತದೆ. ಮಿಲಾಗ್ರಿಸ್ ಕೂಡ 1680ರಲ್ಲಿ ಶುರುವಾದ ಇಗರ್ಜಿ. ಆ ಒಂದು ಸಂಜೆ ಸಾವಿರಾರು ಜನ ರಸ್ತೆಯ ನಡುವೆಯೇ ನಡೆಯುತ್ತಾರೆ, ಊರು ಮುಳುಗಿ ಹೋಗುವುದಿಲ್ಲ. ಆ ಮೆರವಣಿಗೆಯ ದಾರಿಯನ್ನೇ ವರ್ಷದ ಉಳಿದ 364 ದಿನ ನಡೆಯುವವರಿಗೆ ಸರಿಮಾಡಿ ಕೊಡಿ ಅಂತ ನನ್ನ ವಿನಂತಿ. ಎರಡೂ ಬದಿ ಒಂದೇ ಮಟ್ಟದ, ಅಡೆತಡೆ ಇಲ್ಲದ ಫುಟ್‌ಪಾತ್, ರಸ್ತೆ ದಾಟುವಲ್ಲಿ ಮುದುಕರ ಕಾಲಿಗೆ ಸಾಕಾಗುವಷ್ಟು ಹೊತ್ತಿನ ಸಿಗ್ನಲ್. ಆ ದಾರಿಯಿಂದ ಬಂದರಿನ ಝೀನತ್ ಬಕ್ಷ್ ಮಸೀದಿಗೂ ರಥಬೀದಿಯ ವೆಂಕಟರಮಣ ದೇವಸ್ಥಾನಕ್ಕೂ ಕಾಲ್ನಡಿಗೆಯಲ್ಲಿ ಹೋಗಬಹುದು. ರಥಬೀದಿ ಅಂದಾಗ ನೆನಪಾಯಿತು, ದೇವರ ಎದುರು ಇಷ್ಟು ಅಗಲ ಬಿಡಬೇಕು ಅಂತ ಯಾವ ಪ್ಲಾನಿಂಗ್ ಇಲಾಖೆಯೂ ಇಲ್ಲದ ಕಾಲದಲ್ಲಿ ನಮ್ಮವರು ತೇರಿನ ಚಕ್ರ ತಿರುಗುವ ಲೆಕ್ಕದಲ್ಲಿ ಬಿಟ್ಟಿದ್ದರು. ತೇರು ತಿರುಗಲು ಜಾಗ ಬಿಟ್ಟವರಿಗೆ ಗಾಲಿಕುರ್ಚಿ ತಿರುಗಲು ಜಾಗ ಬಿಡುವುದು ಕಷ್ಟವೇ?

ಗಾಡಿಯಲ್ಲಿ ಮಾರುವವರನ್ನು ಎಬ್ಬಿಸಬೇಡಿ. ಯೋಜನೆ ಬಂತು ಅಂದರೆ ಮೊದಲು ಹೋಗುವವರು ಅವರೇ. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆ ಇದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40 ಸ್ಥಾನ ಅವರಿಗೇ ಇರಬೇಕು, ಅವರನ್ನು ಕೂರಿಸಿ ಮಾತಾಡಿ ಜಾಗ ಗುರುತು ಮಾಡಿ. ಎಳನೀರು ಒಡೆಯುವವರು, ಕಡ್ಲೆ ಹುರಿಯುವವರು ಹತ್ತಿರ ಇದ್ದರೆ ಸಂಜೆ ಏಳರ ಮೇಲೂ ಹೆಂಗಸರು ಧೈರ್ಯವಾಗಿ ಕೂರುತ್ತಾರೆ. ಸಿಸಿಟಿವಿಗಿಂತ ಅವರ ಕಣ್ಣು ಚುರುಕು. ಶೌಚಾಲಯದ ಬಗ್ಗೆ ಬರೆಯಲು ಏನೂ ಇಲ್ಲ, ಬೇಕು, ಬೀಗ ಇರಬಾರದು, ನೀರು ಇರಬೇಕು. ಕುಡಿಯುವ ನೀರಿನ ನಲ್ಲಿ ಒಂದು, ಅಪ್ಪಣ್ಣನ ಹೆಸರಿನಲ್ಲಾದರೂ.

ಇದಕ್ಕೆಲ್ಲ ಕೋಟಿಗಟ್ಟಲೆ ಟೆಂಡರ್ ಕರೆದು ಎರಡು ವರ್ಷ ರಸ್ತೆ ಅಗೆದು ಹಾಕುವುದು ಬೇಡ. ನ್ಯೂಯಾರ್ಕಿನವರು 2009ರಲ್ಲಿ ಟೈಮ್ಸ್ ಸ್ಕ್ವೇರ್‌ನ ಒಂದು ಭಾಗದಲ್ಲಿ ವಾಹನ ಸಂಚಾರ ನಿಲ್ಲಿಸಿದಾಗ ಶುರುವಿಗೆ ಇಟ್ಟದ್ದು ಅಗ್ಗದ ಮಡಚುವ ಕುರ್ಚಿಗಳನ್ನು. ಜನ ಬಂದು ಕೂತರು. ಮರುವರ್ಷ ಅದನ್ನೇ ಖಾಯಂ ಮಾಡಿದರು, ಕಲ್ಲಿನ ಕೆಲಸ ಆಮೇಲೆ. ನಮ್ಮಲ್ಲಿ ಶಾಮಿಯಾನದವರಿಗೆ ಬರ ಇಲ್ಲ. ಮಾರ್ಚ್‌ನಿಂದ ಮೇ ತನಕ ರೊಸಾರಿಯೊದ ಗೋಡೆಯುದ್ದಕ್ಕೂ ಒಂದು ಚಪ್ಪರ, ಐವತ್ತು ಪ್ಲಾಸ್ಟಿಕ್ ಕುರ್ಚಿ, ಎರಡು ಹೂಜಿ ನೀರು. ಶಾಲೆಗೆ ರಜೆ ಇರುವಾಗ ವಾಹನವೂ ಕಡಿಮೆ. ಯಾರು ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಕುರ್ಚಿಯನ್ನು ಯಾವ ಕಡೆಗೆ ಎಳೆದುಕೊಳ್ಳುತ್ತಾರೆ ಅಂತ ಆರ್ಕಿಟೆಕ್ಚರ್ ಓದುವ ಹುಡುಗರನ್ನು ಕೂರಿಸಿ ಬರೆಸಿಕೊಳ್ಳಿ, ನಕ್ಷೆ ಅದರಿಂದ ಬರಲಿ. ನನ್ನ ಲೆಕ್ಕ ತಪ್ಪಾಗಿ ಒಬ್ಬರೂ ಬಾರದಿದ್ದರೆ ಕುರ್ಚಿ ವಾಪಸ್ ಕೊಟ್ಟರಾಯಿತು.

ಹಾಗೆ ಬರೆದುಕೊಳ್ಳುವಾಗ ಕಾಸರಗೋಡು, ಕುಂಬಳೆ, ಮಂಜೇಶ್ವರದಿಂದ ಬಂದವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಂಗಳೂರಿನವರು ಸೆಕೆಯಾದರೆ ಮನೆಗೆ ಹೋಗುತ್ತಾರೆ, ನಾವು ಸಂಜೆಯ ಟ್ರೈನಿನ ತನಕ ಪೇಟೆಯಲ್ಲೇ ಇರಬೇಕು. ಆ ರಸ್ತೆಗಳನ್ನು ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನಮ್ಮಷ್ಟು ಸರಿಯಾಗಿ ನೋಡಿದವರು ಯಾರೂ ಇರಲಿಕ್ಕಿಲ್ಲ.

ಅಂದ ಹಾಗೆ ಆ ದಿನ ನಾವು ನಾಲ್ಕು ಗಂಟೆ ತನಕ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲಿನಲ್ಲಿ ಕೂತಿದ್ದೆವು. ನಡುವೆ ಅಂಗಡಿಯವರು ಬಂದು ಶಟರ್ ಎತ್ತಬೇಕು ಅಂದರು, ಪಾಪ, ಅವರ ತಪ್ಪಿಲ್ಲ. ಅಮ್ಮನಿಗೆ ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ, ಮುಂದಿನ ತಿಂಗಳು ಮತ್ತೆ ಬರಬೇಕು. ಈ ಸಲ ಕೊಡೆಯ ಜೊತೆಗೆ, ಮೀನು ಹಿಡಿಯಲು ಹೋಗುವವರು ಇಟ್ಟುಕೊಳ್ಳುವ ಮಡಚುವ ಸ್ಟೂಲ್ ಒಂದನ್ನು ಕುಂಬಳೆ ಪೇಟೆಯಲ್ಲಿ ತಗೊಂಡಿದ್ದೇನೆ, 350 ರೂಪಾಯಿ.

ಇತಿ,
ನಿಮ್ಮ ಓದುಗ,
ನೀರ್ಚಾಲು, ಕಾಸರಗೋಡು